ಮರದ ಡೆಕ್‌ಗೆ ಸ್ಟೇನ್: ಸುಡುಬಿಸಿಲು, ಜಡಿಮಳೆ, ಹಿಮದ ನಡುವೆಯೂ ಉಳಿಯುವಂತೆ ಹಚ್ಚುವುದು ಹೇಗೆ?

"ಹೋದ ವರ್ಷವಷ್ಟೇ ಹಚ್ಚಿಸಿದ್ದು, ಈಗಲೇ ಹಕ್ಕಳೆ ಏಳುತ್ತಿದೆ. ಯಾವ ಕಂಪನಿಯ ಸ್ಟೇನ್ ತರಬೇಕು?" ಮರದ ಡೆಕ್ (ಮನೆಯ ಹೊರಗೆ ಬಯಲಿನಲ್ಲಿ ಹಲಗೆ ಹಾಸಿ ಮಾಡಿದ ಜಗಲಿ) ಇರುವವರು, ಅದಕ್ಕೆ ಹಚ್ಚುವ ರಕ್ಷಣೆಯ ಲೇಪವಾದ ಸ್ಟೇನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆ ಇದು. ಕಂಪನಿ ಬದಲಿಸಿದರೆ ಸಮಸ್ಯೆ ಬಗೆಹರಿಯುವುದು ಅಪರೂಪ. ಮರ ಪೂರ್ತಿ ಒಣಗುವ ಮೊದಲೇ ಹಚ್ಚಿರುತ್ತಾರೆ, ಇಲ್ಲವೇ ಸತ್ತ ಬೂದು ಪದರವನ್ನು ತೆಗೆಯದೆ ಅದರ ಮೇಲೆಯೇ ಹಚ್ಚಿರುತ್ತಾರೆ, ಅದೂ ಅಲ್ಲದಿದ್ದರೆ ಮರ ಕುಡಿಯುವುದಕ್ಕಿಂತ ಹೆಚ್ಚು ಹಚ್ಚಿರುತ್ತಾರೆ. ಒಮ್ಮೊಮ್ಮೆ ಮೂರೂ ಆಗಿರುತ್ತವೆ. ಆದ್ದರಿಂದ ಈ ಲೇಖನದ ಹೆಚ್ಚಿನ ಭಾಗ ಡಬ್ಬಿಯ ಮುಚ್ಚಳ ತೆಗೆಯುವ ಮೊದಲಿನ ಕೆಲಸದ ಬಗ್ಗೆಯೇ ಇದೆ.

ಮರಕ್ಕೆ ಆಗುವುದೇನು?

ಮರದ ಎಳೆಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿಡುವ ವಸ್ತು ಲಿಗ್ನಿನ್. ಬಿಸಿಲಿನ ನೇರಳಾತೀತ ಕಿರಣಗಳು ಅದನ್ನು ಒಡೆಯುತ್ತವೆ, ಒಡೆದದ್ದನ್ನು ಮಳೆ ತೊಳೆದುಕೊಂಡು ಹೋಗುತ್ತದೆ. ಮೇಲೆ ಉಳಿಯುವ ಸಡಿಲ ಎಳೆಗಳೂ ಅವುಗಳ ಮೇಲೆ ಕೂರುವ ಬೂಷ್ಟೂ ಸೇರಿ ಹಲಗೆ ಬೂದುಬಣ್ಣಕ್ಕೆ ತಿರುಗುತ್ತದೆ. ಈ ಪದರ ಮಿಲಿಮೀಟರ್‌ನ ಒಂದು ಸಣ್ಣ ಪಾಲಿನಷ್ಟು ದಪ್ಪ, ಅಷ್ಟೇ. ಪೈನ್, ಸೀಡರ್‌ನಂಥ ಮೆದು ಮರ ಬರೀ ಬಿಸಿಲು ಮಳೆಗೆ ಸವೆಯುವುದು ನೂರು ವರ್ಷಕ್ಕೆ ಸುಮಾರು 6 ಮಿ.ಮೀ. ಹಾಗಾಗಿ ಬಣ್ಣ ಬೂದಾಯಿತೆಂದು ಗಾಬರಿಪಡಬೇಕಿಲ್ಲ. ಆದರೆ ಆ ಸಡಿಲ ಪದರದ ಮೇಲೆ ಹಚ್ಚಿದ ಯಾವುದೂ ನಿಲ್ಲುವುದಿಲ್ಲ, ಎಳೆಗಳ ಜೊತೆಗೇ ಕಿತ್ತು ಬರುತ್ತದೆ.

ನಿಜವಾಗಿ ಹೆದರಬೇಕಾದ್ದು ನೀರಿಗೆ. ನೀರು ಕುಡಿದ ಹಲಗೆ ಅಗಲಕ್ಕೆ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಉದ್ದದಲ್ಲಿ ಹೆಚ್ಚುಕಡಿಮೆ ಬದಲಾವಣೆಯೇ ಇರುವುದಿಲ್ಲ. ಈ ಹಿಗ್ಗುವುದು ಕುಗ್ಗುವುದರಲ್ಲೇ ಸೀಳು ಬಿಡುತ್ತದೆ, ಸೀಳಿನೊಳಗೆ ಇನ್ನಷ್ಟು ನೀರು ಇಳಿಯುತ್ತದೆ. ಹಿಮ ಬೀಳುವ ಕಡೆ ಆ ನೀರು ಹೆಪ್ಪುಗಟ್ಟಿ ಸುಮಾರು ಶೇ. 9ರಷ್ಟು ಹಿಗ್ಗಿ ಸೀಳನ್ನು ಮತ್ತಷ್ಟು ಅಗಲ ಮಾಡುತ್ತದೆ. ಮರದ ತೇವಾಂಶ ಶೇ. 20ಕ್ಕಿಂತ ಕಡಿಮೆ ಇದ್ದರೆ ಅದನ್ನು ಕೊಳೆಸುವ ಶಿಲೀಂಧ್ರ ಬೆಳೆಯಲಾರದು. ಅದಕ್ಕಿಂತ ಮೇಲೆ ಬಹಳ ದಿನ ಉಳಿದರೆ ಹಲಗೆ ಲಡ್ಡಾಗುವ (ಕೊಳೆತು ಮೆತ್ತಗಾಗುವ) ಅಪಾಯವಿದೆ. ಗೋಡೆಯ ಮೇಲಿನ ಹಲಗೆಯಿಂದ ನೀರು ಜಾರಿ ಹೋಗುತ್ತದೆ. ಡೆಕ್ ಮಲಗಿರುತ್ತದೆ, ನೀರು ಅದರ ಮೇಲೇ ನಿಲ್ಲುತ್ತದೆ. ಗೋಡೆಗೆ ಹತ್ತು ವರ್ಷ ಬಾಳಿದ ಬಣ್ಣ ಡೆಕ್ ಮೇಲೆ ಎರಡು ವರ್ಷವೂ ಬಾಳದಿರುವುದು ಇದಕ್ಕೇ.

ಯಾವ ಸ್ಟೇನ್?

ಸ್ಟೇನ್ ಎಂದರೆ ಮರದೊಳಗೆ ಇಳಿಯುವ ಬಣ್ಣದ ಎಣ್ಣೆ ಅಥವಾ ರಾಳ. ಅದರಲ್ಲಿರುವ ಬಣ್ಣದ ಪುಡಿ ಬಿಸಿಲನ್ನು ತಡೆಯುತ್ತದೆ. ಎಣ್ಣೆ, ರಾಳ, ಮೇಣ ನೀರನ್ನು ನಿಧಾನಿಸುತ್ತವೆ. ಬಣ್ಣವೇ ಇಲ್ಲದ ಪಾರದರ್ಶಕ ಸ್ಟೇನ್‌ನಲ್ಲಿ ಮರ ಬಹಳ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಬಿಸಿಲಿಗೆ ತಡೆ ಕಡಿಮೆಯಾದ್ದರಿಂದ ಹೆಚ್ಚೆಂದರೆ ಒಂದು ವರ್ಷ. ಅರೆಪಾರದರ್ಶಕ ಸ್ಟೇನ್ ಸಾಮಾನ್ಯವಾಗಿ ಎರಡು ಮೂರು ವರ್ಷ ಬರುತ್ತದೆ. ಪೂರ್ಣ ಮುಚ್ಚುವ ಸ್ಟೇನ್ ಇನ್ನೂ ಹೆಚ್ಚು ಕಾಲ ಬಿಸಿಲು ತಡೆಯುತ್ತದೆ, ಆದರೆ ಅದು ಬಣ್ಣದ ಹಾಗೆ ಮೇಲೆ ಪದರ ಕಟ್ಟುವುದರಿಂದ ನಡೆದಾಡುವ ಜಾಗದಲ್ಲಿ ಸಿಪ್ಪೆ ಏಳುತ್ತದೆ.

ಕಠಿಣ ಹವೆಯಲ್ಲಿ ನೆಲದ ಹಲಗೆಗೆ ನಮ್ಮ ಸಲಹೆ ಒಂದೇ: ಒಳಗೆ ಇಳಿಯುವ ಅರೆಪಾರದರ್ಶಕ ಸ್ಟೇನ್. ಅದು ಸವೆಯುತ್ತದೆ, ಮಾಸುತ್ತದೆ, ಆದರೆ ಸಿಪ್ಪೆ ಏಳುವುದಿಲ್ಲ. ಮಾಸಿದ್ದಕ್ಕೆ ತೊಳೆದು ಇನ್ನೊಂದು ಕೋಟ್ ಕೊಟ್ಟರೆ ಮುಗಿಯಿತು. ಸಿಪ್ಪೆ ಎದ್ದದ್ದನ್ನು ಪೂರ್ತಿ ಕೆರೆದು ತೆಗೆಯದೆ ಬೇರೆ ದಾರಿ ಇಲ್ಲ. ಮೇಲೆ ಪದರ ಕಟ್ಟುವ ವಾರ್ನಿಶ್, ಪಾಲಿಯುರೆಥೇನ್‌ಗಳನ್ನು ಡೆಕ್ ನೆಲದ ಹತ್ತಿರವೂ ತರಬೇಡಿ.

ತೇವ ಹೆಚ್ಚಿರುವ ಕಡೆ ಬರೀ ಅಗಸೆ ಎಣ್ಣೆಯ ಲೇಪ ಬೇಡ. ಅದು ಬೂಷ್ಟಿಗೆ ಒಳ್ಳೆಯ ಆಹಾರ. ಬೂಷ್ಟುನಿರೋಧಕ ಸೇರಿಸಿದ ಸ್ಟೇನ್ ಎಂದು ಡಬ್ಬಿಯ ಮೇಲೆ ಬರೆದಿದೆಯೇ ನೋಡಿ. ತೇಗ, ದಕ್ಷಿಣ ಅಮೆರಿಕದ ಇಪೆಯಂಥ ಗಟ್ಟಿ ಮರಗಳು ಕುಡಿಯುವುದೇ ಕಡಿಮೆ. ಅವಕ್ಕೆ ಗಟ್ಟಿ ಮರಕ್ಕೆಂದೇ ಮಾಡಿದ ತೆಳು ಎಣ್ಣೆ ಸ್ಟೇನ್ ಸಾಕು, ಅದೂ ಒಂದೇ ಕೋಟ್.

ಎಷ್ಟು ಬೇಕು, ಏನೇನು ಬೇಕು

ನುಣುಪಾದ ಹಲಗೆಯಲ್ಲಿ 1 ಲೀಟರ್ ಸ್ಟೇನ್ 50ರಿಂದ 75 ಚದರ ಅಡಿಗೆ ಬರುತ್ತದೆ. ಒರಟಾದ ಹಳೆಯ ಮರದಲ್ಲಿ ಮೊದಲ ಕೋಟ್ 40 ಚದರ ಅಡಿ ದಾಟಿದರೆ ಹೆಚ್ಚು. 200 ಚದರ ಅಡಿಯ ಹಳೆಯ ಡೆಕ್‌ಗೆ ಮೊದಲ ಕೋಟ್‌ಗೆ 5 ಲೀಟರ್, ಎರಡನೆಯದು ಬೇಕಾದರೆ 3 ಲೀಟರ್ ಎಂದಿಟ್ಟುಕೊಳ್ಳಿ. ಕಟಾಂಜನ, ಮೆಟ್ಟಿಲುಗಳ ಲೆಕ್ಕ ಬೇರೆ.

ಉಳಿದಂತೆ: ಗಟ್ಟಿ ನೈಲಾನ್ ಬ್ರಷ್, 4 ಇಂಚಿನ ಪೇಂಟ್ ಬ್ರಷ್, ಕೋಲಿಗೆ ಸಿಕ್ಕಿಸುವ ಸ್ಟೇನ್ ಪ್ಯಾಡ್, 60 ಮತ್ತು 80 ನಂಬರಿನ ಉಪ್ಪುಕಾಗದ, ಪುಟ್ಟಿ ಬ್ಲೇಡ್, ಸೋಡಿಯಂ ಪರ್‌ಕಾರ್ಬೊನೇಟ್ ಪುಡಿ, ಆಕ್ಸಾಲಿಕ್ ಆಮ್ಲದ ಹರಳು, ರಬ್ಬರ್ ಕೈಗವಸು, ಕಣ್ಣಿನ ಕನ್ನಡಕ, ಧೂಳಿನ ಮಾಸ್ಕ್, ಹಳೆಯ ಹತ್ತಿ ಬಟ್ಟೆ, ಮುಚ್ಚಳವಿರುವ ತಗಡಿನ ಡಬ್ಬಿ. ಮರದ ತೇವಮಾಪಕ (ಎರಡು ಸೂಜಿಯನ್ನು ಮರಕ್ಕೆ ಚುಚ್ಚಿ ತೇವಾಂಶ ತೋರಿಸುವ ಸಾಧನ) ಸಿಕ್ಕರೆ ಖಂಡಿತ ತೆಗೆದುಕೊಳ್ಳಿ.

ಹಂತ 1: ಲಡ್ಡು ಹುಡುಕಿ, ರಿಪೇರಿ ಮಾಡಿ

ಸ್ಕ್ರೂಡ್ರೈವರ್ ಹಿಡಿದು ಡೆಕ್‌ನ ಕೆಳಗಿನಿಂದ ಶುರುಮಾಡಿ. ಅಡ್ಡತೊಲೆಗಳ ಮೇಲ್ಭಾಗ, ಕಂಬ ನೆಲಕ್ಕೆ ತಾಗುವ ಜಾಗ, ಡೆಕ್ ಮನೆಯ ಗೋಡೆಗೆ ಸೇರುವ ತೊಲೆ, ಮೆಟ್ಟಿಲಿನ ಬುಡ, ಇವು ಮೊದಲು ಕೆಡುವ ಜಾಗಗಳು. ಮೊನೆಯನ್ನು ಓರೆಯಾಗಿ ಚುಚ್ಚಿ ಮೇಲಕ್ಕೆ ಮೀಟಿ ನೋಡಿ. ಗಟ್ಟಿ ಮರವಾದರೆ ಉದ್ದನೆಯ ಸಿಬಿರು ಎದ್ದು ಬರುತ್ತದೆ. ಲಡ್ಡಾದ ಮರದಲ್ಲಿ ತುಂಡು ಸದ್ದಿಲ್ಲದೆ ಗಿಡ್ಡಕ್ಕೆ ಮುರಿದು ಬೀಳುತ್ತದೆ. ಮೇಲ್ನೋಟಕ್ಕೆ ಎರಡೂ ಒಂದೇ ಥರ ಕಾಣಬಹುದು, ಹಾಗಾಗಿ ಚುಚ್ಚದೆ ಬಿಡಬೇಡಿ. ತೊಲೆ, ಕಂಬ ಅಥವಾ ಗೋಡೆಯ ಜೋಡಣೆ ಲಡ್ಡಾಗಿದ್ದರೆ ಸ್ಟೇನ್ ವಿಚಾರ ಅಲ್ಲಿಗೇ ನಿಲ್ಲಿಸಿ, ತಿಳಿದವರನ್ನು ಕರೆಸಿ. ಅದು ಜೀವದ ಪ್ರಶ್ನೆ.

ಎದ್ದ ಮೊಳೆಗಳನ್ನು ಮತ್ತೆ ಬಡಿಯಬೇಡಿ, ಮರುವರ್ಷ ಮತ್ತೆ ಏಳುತ್ತವೆ. ಕಿತ್ತು ಸ್ಕ್ರೂ ಹಾಕಿ. ಸ್ಕ್ರೂ ತಲೆ ಹಲಗೆಯ ಮಟ್ಟಕ್ಕೆ ನಿಲ್ಲಬೇಕು. ಒಳಗೆ ಇಳಿಸಿದರೆ ಆ ಗುಳಿಯಲ್ಲಿ ನೀರು ನಿಲ್ಲುತ್ತದೆ. ಕೊಳೆಯದಂತೆ ತಾಮ್ರದ ರಾಸಾಯನಿಕ ತುಂಬಿಸಿದ ಮರದಲ್ಲಿ ಸಾದಾ ಕಬ್ಬಿಣ ಬೇಗ ತಿಂದು ಹೋಗುತ್ತದೆ, ಸ್ಟೇನ್‌ಲೆಸ್ ಸ್ಟೀಲ್ ಅಥವಾ ದಪ್ಪ ಸತು ಲೇಪದ್ದು ಬೇಕು. ಕಡಲ ಬದಿಯಲ್ಲಿ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಾಕಿ.

ಹೊಸ ಹಲಗೆ ಕೊಯ್ದರೆ ಕೊಯ್ದ ತುದಿಗೆ ಆಗಲೇ ಮರಸಂರಕ್ಷಕ ಹಚ್ಚಿ. ಮರ ನೀರು ಕುಡಿಯುವುದೇ ಹೆಚ್ಚಾಗಿ ತುದಿಯಿಂದ, ಹಲಗೆಯ ಮೈಯಿಂದಲ್ಲ. ಡೆಕ್‌ನಲ್ಲಿ ಹಲಗೆಗಳು ಸಾಮಾನ್ಯವಾಗಿ ತುದಿಯಲ್ಲೇ ಕಪ್ಪಾಗಿ ಸೀಳುವುದನ್ನು ನೀವು ನೋಡಿಯೇ ಇರುತ್ತೀರಿ.

ಹಂತ 2: ಹಳೆಯ ಲೇಪ ತೆಗೆಯಿರಿ

ಹಳೆಯದು ಒಳಗೆ ಇಳಿಯುವ ಸ್ಟೇನ್ ಆಗಿದ್ದು ಬರೀ ಮಾಸಿದ್ದರೆ ಈ ಹಂತ ಬೇಡ. ಸಿಪ್ಪೆ ಏಳುತ್ತಿದ್ದರೆ ಸ್ಟ್ರಿಪ್ಪರ್ (ಹಳೆಯ ಲೇಪವನ್ನು ಮೆತ್ತಗೆ ಮಾಡಿ ಬಿಡಿಸುವ ಕ್ಷಾರ) ಹಚ್ಚಿ, ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಬಿಟ್ಟು, ಉಜ್ಜಿ ತೊಳೆಯಬೇಕು. ಇದರಲ್ಲಿರುವುದು ಹೆಚ್ಚಾಗಿ ಕಾಸ್ಟಿಕ್ ಸೋಡಾ. ಕೈ ಕಣ್ಣು ಎರಡನ್ನೂ ಸುಡುತ್ತದೆ. ಅಕ್ರಿಲಿಕ್‌ನ ಪೂರ್ಣ ಮುಚ್ಚುವ ಸ್ಟೇನ್ ಕೆಲವೊಮ್ಮೆ ಇದಕ್ಕೂ ಬಗ್ಗುವುದಿಲ್ಲ, ಉಪ್ಪುಕಾಗದದಲ್ಲೇ ತೆಗೆಯಬೇಕಾಗುತ್ತದೆ.

ಒಂದು ಎಚ್ಚರಿಕೆ. ಕೊಳೆಯದಂತೆ ರಾಸಾಯನಿಕ ತುಂಬಿಸಿ ಸಂಸ್ಕರಿಸಿದ ಹಳೆಯ ಮರದಲ್ಲಿ ಆರ್ಸೆನಿಕ್ ಎಂಬ ವಿಷ ಇರಬಹುದು. ಅಮೆರಿಕದಲ್ಲಿ ಮನೆಬಳಕೆಗೆ ಅಂಥ ಮರ ತಯಾರಿಸುವುದು ನಿಂತದ್ದು 2003ರ ಕೊನೆಗೆ. ನಿಮ್ಮ ಡೆಕ್ ಆ ಕಾಲದ್ದಾಗಿದ್ದರೆ ಉಪ್ಪುಕಾಗದದಿಂದ ಉಜ್ಜಬೇಡಿ, ಚೂರುಗಳನ್ನು ಸುಡಲೇಬೇಡಿ. ಹಳೆಯ ಬಣ್ಣದಲ್ಲಿ ಸೀಸವೂ ಇರಬಹುದು.

ಹಂತ 3: ತೊಳೆಯಿರಿ

ಮೊದಲು ಕಪ್ಪು ಕಲೆ ಯಾವುದರದ್ದೆಂದು ತಿಳಿಯಿರಿ. ಮನೆಯ ಬ್ಲೀಚ್‌ನ ಒಂದು ಹನಿ ಕಲೆಯ ಮೇಲೆ ಬಿಡಿ. ಒಂದೆರಡು ನಿಮಿಷದಲ್ಲಿ ತಿಳಿಯಾದರೆ ಅದು ಬೂಷ್ಟು. ಹಾಗೆಯೇ ಉಳಿದರೆ ಮಣ್ಣು ಅಥವಾ ಕಬ್ಬಿಣದ ಕಲೆ. ಪರೀಕ್ಷೆಗೆ ಒಂದು ಹನಿ ಸಾಕು. ಇಡೀ ಡೆಕ್‌ಗೆ ಕ್ಲೋರಿನ್ ಬ್ಲೀಚ್ ಸುರಿಯಬೇಡಿ, ಅದು ಲಿಗ್ನಿನ್ ಅನ್ನೂ ಹಾಳುಮಾಡುತ್ತದೆ, ಸ್ಕ್ರೂಗಳನ್ನೂ ತಿನ್ನುತ್ತದೆ.

ತೊಳೆಯಲು ಸೋಡಿಯಂ ಪರ್‌ಕಾರ್ಬೊನೇಟ್ ಒಳ್ಳೆಯದು. ನೀರಿಗೆ ಬಿದ್ದರೆ ಅದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ತೊಳೆಯುವ ಸೋಡಾ ಆಗಿ ಒಡೆಯುತ್ತದೆ. ಬೂಷ್ಟು, ಪಾಚಿ, ಕೊಳೆ ಬಿಡಿಸುತ್ತದೆ. 1 ಲೀಟರ್ ಬೆಚ್ಚಗಿನ ನೀರಿಗೆ 60 ಗ್ರಾಂ. ಆಗಾಗಲೇ ಕಲಸಿ ಬಳಸಿ. ಕಲಸಿದ್ದನ್ನು ಬಿಗಿ ಮುಚ್ಚಳದ ಕ್ಯಾನ್‌ನಲ್ಲಿಟ್ಟರೆ ಅನಿಲ ತುಂಬಿ ಸಿಡಿಯಬಹುದು. ಸುತ್ತಲಿನ ಗಿಡಗಳಿಗೆ ಮೊದಲೇ ನೀರು ಹಾಕಿ ನೆನೆಸಿ. ಹಲಗೆ ಸಂದಿಯ ಕಸವನ್ನು ಪುಟ್ಟಿ ಬ್ಲೇಡ್‌ನಿಂದ ಕೆರೆದು ತೆಗೆದು, ದ್ರಾವಣ ಸುರಿದು, 15ರಿಂದ 20 ನಿಮಿಷ ಬಿಡಿ. ಅಷ್ಟರಲ್ಲಿ ಒಣಗಲು ಬಿಡಬಾರದು. ಒಣಗುತ್ತಿದೆ ಎನಿಸಿದರೆ ನೀರು ಚಿಮುಕಿಸಿ. ಆಮೇಲೆ ನೈಲಾನ್ ಬ್ರಷ್‌ನಿಂದ ಎಳೆಯ ಉದ್ದಕ್ಕೆ ಉಜ್ಜಿ ತೊಳೆಯಿರಿ. ತಂತಿ ಬ್ರಷ್, ಉಕ್ಕಿನ ನಾರು ಬೇಡ. ಅವುಗಳ ಚೂರು ಮರದಲ್ಲಿ ಉಳಿದು ಮೊದಲ ಮಳೆಗೇ ಕಪ್ಪು ಚುಕ್ಕೆಗಳಾಗುತ್ತವೆ.

ಪ್ರೆಷರ್ ವಾಷರ್ (ನೀರನ್ನು ಒತ್ತಡದಿಂದ ಚಿಮ್ಮಿಸಿ ತೊಳೆಯುವ ಯಂತ್ರ) ಬಗ್ಗೆ ತುಂಬ ಜನ ಕೇಳುತ್ತಾರೆ. ಬಳಸಬಹುದು, ಆದರೆ ಡೆಕ್ ಹಾಳುಮಾಡುವ ಸಾಧನಗಳಲ್ಲಿ ಮೊದಲನೆಯದೂ ಅದೇ. ಮೆದು ಮರಕ್ಕೆ 500–600 ಪಿಎಸ್‌ಐ (ನೀರಿನ ಒತ್ತಡದ ಅಳತೆ) ಸಾಕು. ಗಟ್ಟಿ ಮರಕ್ಕೂ 1,500 ದಾಟಬಾರದು. ಬೀಸಣಿಗೆಯಂತೆ ಹರಡುವ 40 ಡಿಗ್ರಿ ಮೂತಿ ಹಾಕಿ, 30 ಸೆ.ಮೀ. ದೂರ ಹಿಡಿದು, ಎಲ್ಲೂ ನಿಲ್ಲಿಸದೆ ಹಲಗೆಯ ಉದ್ದಕ್ಕೆ ಸಾಗಿ. ಹಲಗೆಯ ಮೇಲೆ ತುಪ್ಪಳದಂತೆ ಎಳೆ ಎದ್ದಿತೆಂದರೆ ಒತ್ತಡ ಜಾಸ್ತಿಯಾಗಿದೆ ಎಂದೇ ಅರ್ಥ.

ಹಂತ 4: ಆಮ್ಲದ ತೊಳೆತ

ಇದನ್ನು ಬಿಟ್ಟುಬಿಡುವವರೇ ಜಾಸ್ತಿ. ಕ್ಷಾರದಿಂದ ತೊಳೆದ ಮರ ಕಪ್ಪಗಾಗುತ್ತದೆ, ಉಳಿದ ಕ್ಷಾರ ಸ್ಟೇನ್ ಕೂರದಂತೆಯೂ ಮಾಡುತ್ತದೆ. 1 ಲೀಟರ್ ನೀರಿಗೆ 30 ಗ್ರಾಂ ಆಕ್ಸಾಲಿಕ್ ಆಮ್ಲ ಕರಗಿಸಿ, ಪ್ಲಾಸ್ಟಿಕ್ ಬಕೆಟ್‌ನಲ್ಲಿ. ಹಸಿ ಹಲಗೆಯ ಮೇಲೆ ಹರಡಿ 10–15 ನಿಮಿಷ ಬಿಟ್ಟು ಧಾರಾಳವಾಗಿ ತೊಳೆಯಿರಿ. ಕಬ್ಬಿಣದ ಕಪ್ಪು ಕಲೆ ಕಣ್ಣೆದುರೇ ಮಾಯವಾಗಿ ಮರದ ಮೂಲ ಬಣ್ಣ ಮರಳುತ್ತದೆ. ಇದು ವಿಷ. ಕೈಗವಸು, ಕನ್ನಡಕ ಕಡ್ಡಾಯ. ಮಕ್ಕಳು, ಸಾಕುಪ್ರಾಣಿಗಳು ಹತ್ತಿರ ಬರಬಾರದು. ಕ್ಲೋರಿನ್ ಬ್ಲೀಚ್ ಜೊತೆ ಯಾವ ಆಮ್ಲವನ್ನೂ ಯಾವ ಕಾರಣಕ್ಕೂ ಸೇರಿಸಬೇಡಿ, ಏಳುವ ಕ್ಲೋರಿನ್ ಅನಿಲ ಪ್ರಾಣಕ್ಕೇ ಅಪಾಯ.

ಹಂತ 5: ಕಾಯಿರಿ

ಮೇಲ್ಮೈ ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ತೇವ ಇರುತ್ತದೆ. ಒಳ್ಳೆಯ ಬಿಸಿಲಿದ್ದರೆ ಎರಡು ದಿನ, ಮೋಡ ಮುಸುಕಿದ್ದರೆ ನಾಲ್ಕೈದು ದಿನ. ತೇವಮಾಪಕದಲ್ಲಿ ಶೇ. 15ಕ್ಕಿಂತ ಕೆಳಗೆ ಬರಬೇಕು. ಬಿಸಿಲು ಬೀಳುವ ಮಧ್ಯದ ಹಲಗೆ ಒಂದರಲ್ಲೇ ನೋಡಿದರೆ ಸಾಲದು. ನೆರಳಿನ ಮೂಲೆ, ಮೆಟ್ಟಿಲ ಬುಡ, ಹಲಗೆಯ ತುದಿಗಳಲ್ಲೂ ಚುಚ್ಚಿ.

ಮಾಪಕವಿಲ್ಲದಿದ್ದರೆ ನೀರಿನ ಹನಿಯ ಪರೀಕ್ಷೆ ಇದೆ. ಮರ ಕುಡಿಯಲು ಸಿದ್ಧವಿದೆಯೇ ಎಂಬುದನ್ನಷ್ಟೇ ಅದು ಹೇಳುತ್ತದೆ. ಒಳಗಿನ ತೇವ ತಿಳಿಯದ ಕಾರಣ ಇನ್ನೊಂದು ದಿನ ಹೆಚ್ಚು ಕಾಯಿರಿ. ಹಲಗೆಯ ಮೇಲೆ ಬೇರೆ ಬೇರೆ ಕಡೆ ನಾಲ್ಕೈದು ಹನಿ ಬಿಡಿ. ಎರಡು ಮೂರು ನಿಮಿಷದಲ್ಲಿ ಇಂಗಿ ಕಪ್ಪು ಗುರುತು ಉಳಿದರೆ ಸರಿ. ಮುತ್ತಿನಂತೆ ಹಾಗೇ ಕೂತಿದ್ದರೆ ಹಳೆಯ ಲೇಪ ಉಳಿದಿದೆ, ಮರ ಹಸಿಯಿದೆ, ಇಲ್ಲವೇ ಹೊಸ ಹಲಗೆಯ ಮೈ ರಂದ ಹೊಡೆದ ಒತ್ತಡಕ್ಕೆ ಮುಚ್ಚಿಕೊಂಡಿದೆ.

ಹೊಸದಾಗಿ ಸಂಸ್ಕರಿಸಿದ ಮರ ರಾಸಾಯನಿಕದ ನೀರಿನಿಂದ ತೊಯ್ದೇ ಬರುತ್ತದೆ. ಒಣಗಲು ಕೆಲವು ವಾರಗಳಿಂದ ಕೆಲವು ತಿಂಗಳು ಬೇಕು. ಹಾಗೆಂದು "ಒಂದು ವರ್ಷ ಬಿಸಿಲು ಕಾಣಲಿ" ಎಂಬ ಹಳೆಯ ಸಲಹೆ ಕೇಳಬೇಡಿ. ಕೆಲವೇ ವಾರದ ಬಿಸಿಲಿಗೆ ಮೇಲ್ಮೈ ಕೆಡಲು ಶುರುವಾಗುತ್ತದೆ. ಒಣಗಿತೆಂದು ಗೊತ್ತಾದ ಕೂಡಲೇ ಹಚ್ಚಿ.

ಹಂತ 6: ಉಜ್ಜಿ

60 ನಂಬರಿನ ಉಪ್ಪುಕಾಗದದಿಂದ ಶುರುಮಾಡಿ 80ಕ್ಕೆ ನಿಲ್ಲಿಸಿ. ಪೀಠೋಪಕರಣದ ಹಾಗೆ 120, 150ಕ್ಕೆ ಹೋದರೆ ನುಣುಪೇನೋ ಬರುತ್ತದೆ, ಮರದ ರಂಧ್ರ ಮುಚ್ಚಿ ಸ್ಟೇನ್ ಒಳಗಿಳಿಯುವುದಿಲ್ಲ. ಕಟಾಂಜನದ ಕೈಹಿಡಿಕೆಗೆ ಮಾತ್ರ 100 ಆಗಬಹುದು. ಧೂಳನ್ನು ವ್ಯಾಕ್ಯೂಮ್‌ನಿಂದ ಎಳೆಯಿರಿ, ಮತ್ತೆ ನೀರು ಹಾಕಬೇಡಿ.

ಹಂತ 7: ಹಚ್ಚಿ

ದಿನ ಹೀಗಿರಬೇಕು: ತಾಪಮಾನ 10ರಿಂದ 30 ಡಿಗ್ರಿ, ಮುಂದಿನ 48 ಗಂಟೆ ಮಳೆಯಿಲ್ಲ, ಹಲಗೆಯ ಮೇಲೆ ನೇರ ಬಿಸಿಲಿಲ್ಲ. ಗಾಳಿಯ ತಾಪ 28 ಇದ್ದರೂ ಬಿಸಿಲಲ್ಲಿ ಹಲಗೆ ಅದಕ್ಕಿಂತ ಬಹಳ ಬಿಸಿಯಿರುತ್ತದೆ. ಅಂಗೈ ಇಟ್ಟು ಆರಾಮಾಗಿ ಹಿಡಿಯಲಾಗದಿದ್ದರೆ ಹಚ್ಚಬೇಡಿ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರುಮಾಡಿ, ಸಂಜೆಯ ಇಬ್ಬನಿಗೆ ಮೊದಲು ನಾಲ್ಕೈದು ಗಂಟೆ ಇರುವಂತೆ ಮುಗಿಸಿ.

ಎಲ್ಲ ಡಬ್ಬಿಗಳನ್ನೂ ಒಂದೇ ದೊಡ್ಡ ಬಕೆಟ್‌ಗೆ ಸುರಿದು ಕಲಸಿಕೊಳ್ಳಿ. ಒಂದೇ ಬಣ್ಣದ ಹೆಸರಿದ್ದರೂ ಡಬ್ಬಿಯಿಂದ ಡಬ್ಬಿಗೆ ಛಾಯೆ ಸ್ವಲ್ಪ ಬೇರೆಯಿರುತ್ತದೆ. ಬಣ್ಣದ ಪುಡಿ ತಳಕ್ಕೆ ಇಳಿಯುತ್ತಲೇ ಇರುವುದರಿಂದ ಅರ್ಧ ಗಂಟೆಗೊಮ್ಮೆ ತಳದಿಂದ ಕಲಕಿ. ಕಾಣದ ಮೂಲೆಯಲ್ಲಿ ಒಂದು ಅಡಿ ಹಚ್ಚಿ ಒಣಗಿಸಿ ಬಣ್ಣ ಒಪ್ಪಿಗೆಯೇ ನೋಡಿ.

ಕಟಾಂಜನ ಮೊದಲು, ನೆಲ ಆಮೇಲೆ. ನೆಲದಲ್ಲಿ ಬಾಗಿಲಿಂದ ದೂರದ ಮೂಲೆಯಿಂದ ಶುರುಮಾಡಿ, ಎರಡು ಮೂರು ಹಲಗೆಗಳನ್ನು ಈ ತುದಿಯಿಂದ ಆ ತುದಿಯವರೆಗೆ ಒಟ್ಟಿಗೆ ಮುಗಿಸುತ್ತ ಹಿಂದೆ ಸರಿಯಿರಿ. ಹಲಗೆಯ ಮಧ್ಯೆ ನಿಲ್ಲಿಸಬೇಡಿ. ಒಣಗಿದ ಅಂಚಿನ ಮೇಲೆ ಮತ್ತೆ ಸ್ಟೇನ್ ಬಿದ್ದರೆ ಅಲ್ಲಿ ಎರಡು ಕೋಟ್ ಆಗಿ ಕಡುಪಟ್ಟೆ ಉಳಿಯುತ್ತದೆ, ಅದನ್ನು ತೆಗೆಯುವುದು ಕಷ್ಟ. ಪ್ಯಾಡ್ ಅಥವಾ ಸ್ಪ್ರೇಯಿಂದ ಹಚ್ಚಿದರೂ ಹಿಂದೆಯೇ ಒಣ ಬ್ರಷ್ ಎಳೆದು ಎಳೆಗಳೊಳಗೆ ತಿಕ್ಕಬೇಕು. ಕೊಯ್ದ ತುದಿಗಳಿಗೆ ಮಾತ್ರ ಕುಡಿಯುವಷ್ಟೂ ಕುಡಿಸಿ, ಎರಡು ಮೂರು ಸಲ.

15–20 ನಿಮಿಷದ ನಂತರ ಬಗ್ಗಿ ಓರೆ ಬೆಳಕಿನಲ್ಲಿ ನೋಡಿ. ಎಣ್ಣೆ ಸ್ಟೇನ್ ಮಿರಿಮಿರಿ ಹೊಳೆಯುವ ಕಡೆ ಮರ ಕುಡಿದು ಉಳಿದದ್ದು ನಿಂತಿದೆ. ಬಟ್ಟೆಯಿಂದ ಒರೆಸಿ ತೆಗೆಯಿರಿ. ತೆಗೆಯದಿದ್ದರೆ ಅದು ವಾರಗಟ್ಟಲೆ ಅಂಟಂಟಾಗಿರುತ್ತದೆ, ಧೂಳು ಹಿಡಿಯುತ್ತದೆ, ಕೊನೆಗೆ ಸಿಪ್ಪೆಯಾಗಿ ಏಳುತ್ತದೆ. ಎರಡನೆಯ ಕೋಟ್ ಡಬ್ಬಿ ಹೇಳಿದರೆ ಮಾತ್ರ, ಹೇಳಿದ ಅಂತರದಲ್ಲಿ ಮಾತ್ರ. ನಡೆದಾಡಲು 24 ಗಂಟೆ, ಕುರ್ಚಿ ಮೇಜು ಇಡಲು 48ರಿಂದ 72 ಗಂಟೆ ಬಿಡಿ.

ಹಂತ 8: ಬಟ್ಟೆಗಳ ವಿಷಯದಲ್ಲಿ ಉದಾಸೀನ ಬೇಡ

ಎಣ್ಣೆ ಸ್ಟೇನ್ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ಕೆಲವೇ ಗಂಟೆಗಳಲ್ಲಿ ತಾನಾಗಿ ಹೊತ್ತಿಕೊಳ್ಳಬಹುದು. ಒಣಗುವ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗಿಂದ ಆ ಬಿಸಿ ಹೊರಹೋಗುವುದಿಲ್ಲ. ಬಟ್ಟೆಗಳನ್ನು ಬಯಲಿನಲ್ಲಿ ಒಂದೊಂದಾಗಿ ಹರಡಿ ಗಟ್ಟಿಯಾಗುವವರೆಗೆ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಿ. ಪ್ಯಾಡ್‌ಗೂ ಇದೇ ನಿಯಮ.

ಆಮೇಲಿನ ವರ್ಷಗಳು

ಎಲೆ, ಮಣ್ಣು ಹಲಗೆ ಸಂದಿಯಲ್ಲಿ ಕೂತರೆ ಅಲ್ಲಿ ತೇವ ಆರುವುದೇ ಇಲ್ಲ. ವಾರಕ್ಕೊಮ್ಮೆ ಗುಡಿಸಿ, ಸಂದಿಗಳನ್ನು ಮಳೆಗಾಲಕ್ಕೆ ಮೊದಲು ಮತ್ತು ನಂತರ ಬಿಡಿಸಿ. ಹೂಕುಂಡಗಳನ್ನು ಕಾಲಿನ ಮೇಲೆ ಎತ್ತಿಡಿ. ರಬ್ಬರ್ ತಳದ ಚಾಪೆ ಹಾಕಬೇಡಿ. ಡೆಕ್ ಕೆಳಗೆ ಸಾಮಾನು ತುಂಬಿ ಗಾಳಿ ಕಟ್ಟಿದರೆ ಹಲಗೆಯ ಅಡಿಭಾಗ ಹಸಿಯಾಗಿ, ಮೇಲ್ಭಾಗ ಒಣಗಿ, ಹಲಗೆ ದೋಣಿಯಾಗಿ ಬಾಗುತ್ತದೆ.

ಹಿಮವನ್ನು ಪ್ಲಾಸ್ಟಿಕ್ ಸಲಿಕೆಯಿಂದ ಹಲಗೆಯ ಉದ್ದಕ್ಕೆ ತಳ್ಳಿ. ಅಡ್ಡಕ್ಕೆ ತಳ್ಳಿದರೆ ಸಲಿಕೆ ಪ್ರತಿ ಅಂಚಿಗೂ ತಾಗಿ ಸಿಬಿರು ಏಳಿಸುತ್ತದೆ. ತಳದ ತೆಳು ಮಂಜುಗಡ್ಡೆಯನ್ನು ಕೆರೆಯದೆ ಬಿಡಿ. ಮಂಜುಗಡ್ಡೆ ಕರಗಿಸಲು ಹಾಕುವ ಕಲ್ಲುಪ್ಪು ಸ್ಕ್ರೂಗಳನ್ನು ತಿನ್ನುತ್ತದೆ. ಜಾರುವ ಜಾಗಕ್ಕೆ ಬೇಕೇಬೇಕೆಂದರೆ ಕ್ಯಾಲ್ಸಿಯಂ ಮೆಗ್ನೀಸಿಯಂ ಅಸಿಟೇಟ್ ಬಳಸಿ. ಕಡಲ ಬದಿಯಲ್ಲಿ ಉಪ್ಪು ಕೂರದಂತೆ ಆಗಾಗ ಸಿಹಿನೀರಿನಿಂದ ತೊಳೆಯಿರಿ. ಎತ್ತರದ ಬೆಟ್ಟಪ್ರದೇಶದಲ್ಲೂ ಒಣ ಸುಡುಬಿಸಿಲಿನ ನಾಡಿನಲ್ಲೂ ಡಬ್ಬಿಯ ಮೇಲೆ ಬರೆದ ವರ್ಷಗಳನ್ನು ನಂಬಬೇಡಿ, ಬಿಸಿಲು ಹೆಚ್ಚು ಬೀಳುವ ಬದಿ ಅರ್ಧ ಅವಧಿಗೇ ಮಾಸಬಹುದು.

ಮತ್ತೆ ಯಾವಾಗ ಹಚ್ಚಬೇಕು? ವರ್ಷಕ್ಕೊಮ್ಮೆ ಅದೇ ಹನಿಯ ಪರೀಕ್ಷೆ ಮಾಡಿ, ಬಾಗಿಲಿಂದ ಮೆಟ್ಟಿಲಿಗೆ ಹೋಗುವ ದಾರಿಯಲ್ಲಿ. ಹನಿ ನಿಂತರೆ ಇನ್ನೂ ಸಮಯವಿದೆ. ಇಂಗಿದರೆ, ಬಣ್ಣ ಇನ್ನೂ ಚೆನ್ನಾಗಿ ಕಂಡರೂ, ಆ ಋತುವಿನಲ್ಲೇ ಹಚ್ಚಿ. ಬೂದಾಗುವ ಮೊದಲೇ ಮಾಡಿದರೆ ತೊಳೆದು ಒಣಗಿಸಿ ಒಂದು ತೆಳು ಕೋಟ್ ಕೊಟ್ಟರಾಯಿತು. ಸ್ಟ್ರಿಪ್ಪರ್ ಬೇಡ, ಉಪ್ಪುಕಾಗದವೂ ಬೇಡ. ಕಟಾಂಜನದ ನೆಟ್ಟಗಿನ ಮರಕ್ಕೆ ಪ್ರತಿ ಸಲವೂ ಹಚ್ಚುವ ಅಗತ್ಯವಿಲ್ಲ, ನೆಲಕ್ಕೆ ಎರಡು ಸಲ ಆದರೆ ಅದಕ್ಕೆ ಒಂದು ಸಲ ಸಾಕಾಗುತ್ತದೆ.

ಉಳಿದ ಸ್ಟೇನ್ ಅನ್ನು ಅದು ಬಹುತೇಕ ತುಂಬುವಂಥ ಸಣ್ಣ ಡಬ್ಬಿಗೆ ಬದಲಿಸಿ. ಒಳಗೆ ಗಾಳಿ ಜಾಸ್ತಿಯಿದ್ದರೆ ಮೇಲೆ ಕೆನೆ ಕಟ್ಟುತ್ತದೆ. ಎಣ್ಣೆಯ ಬದಲು ನೀರಿನಲ್ಲಿ ಬೆರೆಸಿ ಮಾಡಿದ ಸ್ಟೇನ್ ಹೆಪ್ಪುಗಟ್ಟಬಾರದು, ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದ ಮೇಲೆ ಒಡೆದ ಹಾಗೆ ಕಂಡರೆ ಎಸೆಯಿರಿ. ಮುಚ್ಚಳದ ಮೇಲೆ ಕಂಪನಿ, ಬಣ್ಣದ ನಂಬರ್, ಹಚ್ಚಿದ ತಾರೀಕು, ಎಷ್ಟು ಕೋಟ್, ಎಷ್ಟು ಲೀಟರ್ ಹಿಡಿಯಿತು ಎಂದು ಬರೆದಿಡಿ.